ಎದೆ ಫೋಟೋ ಗಾಡಿಯ ಡ್ರೈವರ್

ಡ್ರೈವರ್ ಇಪ್ಪತ್ತಾರು ವರ್ಷ ಓಡಿಸಿದ್ದು ಒಂದೇ ಗಾಡಿ. ಆರೋಗ್ಯ ಇಲಾಖೆಯ ಆ ಉದ್ದನೆಯ ಬಿಳಿ ವ್ಯಾನಿನೊಳಗೆ ಎಕ್ಸ್‌ರೇ ಯಂತ್ರವಿತ್ತು. ಹಳ್ಳಿಯಿಂದ ಹಳ್ಳಿಗೆ ಹೋಗಿ, ಕೆಮ್ಮುವವರನ್ನೂ ಕೆಮ್ಮದವರನ್ನೂ ಸಾಲಾಗಿ ನಿಲ್ಲಿಸಿ, ಎದೆಯ ಚಿತ್ರ ತೆಗೆದು, ಕ್ಷಯ ಇದ್ದವರನ್ನು ಪತ್ತೆ ಮಾಡುವುದು ಅದರ ಕೆಲಸ. ಜನ ಅದನ್ನು ಎದೆ ಫೋಟೋ ಗಾಡಿ ಎನ್ನುತ್ತಿದ್ದರು. ಫೋಟೋ ಎಂದ ಮೇಲೆ ತಲೆ ಬಾಚಿಕೊಂಡು, ಒಗೆದ ಬಟ್ಟೆ ಹಾಕಿಕೊಂಡು ಬರುವವರೂ ಇದ್ದರು. ಒಬ್ಬ ಮುದುಕ ಮಾತ್ರ ಪ್ರತಿ ವರ್ಷವೂ ತನಗೊಂದು ಪ್ರತಿ ಬೇಕು, ಗೋಡೆಗೆ ಹಾಕಬೇಕು ಎಂದು ಜಗಳವಾಡುತ್ತಿದ್ದ.

ಡ್ರೈವರ್‌ಗೆ ಹೆಂಡತಿ ಸಿಕ್ಕಿದ್ದೂ ಆ ಗಾಡಿಯಲ್ಲೇ. ಬಂದವರನ್ನು ಎಕ್ಸ್‌ರೇ ತಟ್ಟೆಯ ಮುಂದೆ ನಿಲ್ಲಿಸಿ, ಗದ್ದ ಎತ್ತಿಸಿ, ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಎಂದು ಹೇಳುವ ಸಹಾಯಕಿ ಅವಳು. ಹಳ್ಳಿಯವರು ಅವಳಿಗೆ ಉಸಿರಮ್ಮ ಎಂದು ಹೆಸರಿಟ್ಟರು. ಅವಳು ನನ್ನ ಚಿಕ್ಕಪ್ಪನ ಮಗಳು. ಅವಳಿಗಿಂತ ದೊಡ್ಡವಳಾದ ನನ್ನನ್ನು ಡ್ರೈವರ್ ಅಕ್ಕ ಎನ್ನುತ್ತಾನೆ. ಕಡೆಕಡೆಗೆ ನಮ್ಮ ಮನೆಯಲ್ಲೂ ಅದೇ ಹೆಸರು ನಿಂತಿತು. ಅವರಿಗೆ ಮಕ್ಕಳಾಗಲಿಲ್ಲ. ಅದನ್ನು ದೊಡ್ಡ ಸಂಗತಿ ಮಾಡಿಕೊಂಡವರು ನೆಂಟರೇ ಹೊರತು ಅವರಿಬ್ಬರಲ್ಲ.

ಇಬ್ಬರೂ ನಿವೃತ್ತರಾದ ವರ್ಷವೇ ಇಲಾಖೆ ಗಾಡಿಯನ್ನು ಹರಾಜಿಗಿಟ್ಟಿತು. ಸರ್ಕಾರಿ ವಸತಿಯನ್ನು ಖಾಲಿ ಮಾಡಬೇಕಿತ್ತು, ಬೇರೆ ಮನೆ ಇರಲಿಲ್ಲ. ಡ್ರೈವರ್ ಹೆಚ್ಚು ಯೋಚಿಸದೆ ಗಾಡಿಯನ್ನೇ ಕೊಂಡ. ಯಂತ್ರವನ್ನು ಇಲಾಖೆಯವರು ಬಿಚ್ಚಿಕೊಂಡು ಹೋದರು. ಅದಿದ್ದ ಕೋಣೆಗೆ ಕಿಟಕಿ ಇರಲಿಲ್ಲ, ಗೋಡೆಗಳೊಳಗೆ ಸೀಸದ ಹಾಳೆ ಇತ್ತು. ಅದು ಮಲಗುವ ಕೋಣೆಯಾಯಿತು. ಫಿಲಂ ತೊಳೆಯುತ್ತಿದ್ದ ತೊಟ್ಟಿ ಪಾತ್ರೆ ತೊಳೆಯುವ ತೊಟ್ಟಿಯಾಯಿತು. ಜನರೇಟರ್ ಇದ್ದ ಗೂಡಿನಲ್ಲಿ ನೀರಿನ ಟ್ಯಾಂಕ್ ಕೂತಿತು. ಬಾಗಿಲಿನ ಪಕ್ಕದಲ್ಲಿ ‘ಒಬ್ಬೊಬ್ಬರಾಗಿ ಒಳಗೆ ಬನ್ನಿ’ ಎಂಬ ಬರಹವನ್ನು ಅಳಿಸುವುದು ಬೇಡವೆಂದು ಉಸಿರಮ್ಮ ಹೇಳಿದಳು. ನೆಂಟರಿಗೆ ಅದು ಇರಲಿ ಎಂದಳು.

ಎರಡು ವರ್ಷ ಅವರು ಊರೂರು ತಿರುಗಿದರು. ಮೂರನೆಯ ವರ್ಷ ಡ್ರೈವರ್‌ನ ಭುಜಕ್ಕೆ ಬಾಗಿಲುಗಳು ಬಡಿಯತೊಡಗಿದವು. ಪಕ್ಕದಲ್ಲಿ ಬಂದು ನಿಂತವರು ಮಾತಾಡಿಸಿದಾಗ ಬೆಚ್ಚಿಬೀಳುತ್ತಿದ್ದ. ಕಣ್ಣಿನ ವೈದ್ಯೆ ಪರೀಕ್ಷೆ ಮಾಡಿ, ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಿಕೊಳ್ಳಬೇಕು ಎಂದಳು. ಈ ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ನಡುವೆ ಉಳಿದಷ್ಟು ಚೆನ್ನಾಗಿಯೇ ಕಾಣುತ್ತದೆ. ಡ್ರೈವರ್ ಈಗ ಲೋಕವನ್ನು ಕೊಳವೆಯೊಳಗಿಂದ ನೋಡುತ್ತಿದ್ದ. ಕೊಳವೆಯ ಆಚೆ ಎಡಕ್ಕೂ ಬಲಕ್ಕೂ ಏನೂ ಇರಲಿಲ್ಲ. ಗಾಡಿ ಓಡಿಸಬಾರದು ಎಂದು ವೈದ್ಯೆ ಎರಡು ಸಲ ಹೇಳಿದಳು. ಅವನು ಎರಡು ಸಲವೂ ತಲೆಯಾಡಿಸಿದ.

ಆಮೇಲೆ ಲೈಸೆನ್ಸ್ ನವೀಕರಣಕ್ಕೆ ಹೋಗಿ, ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಿ ಬಂದ. ಅಲ್ಲಿ ಯಾರೂ ಪಕ್ಕದ್ದನ್ನು ಕೇಳಲಿಲ್ಲ.

ಗಂಡ ಹೆಂಡತಿ ತಮ್ಮದೇ ಒಂದು ಏರ್ಪಾಟು ಮಾಡಿಕೊಂಡರು. ಮುಂದಿನದನ್ನು ಅವನು ನೋಡುವುದು, ಪಕ್ಕದ್ದನ್ನು ಅವಳು ಹೇಳುವುದು. ಉಸಿರಮ್ಮ ಎಡಗಡೆ ಸೀಟಿನ ತುದಿಯಲ್ಲಿ ಕುಳಿತು, ಕನ್ನಡಿಗಳೆರಡನ್ನೂ ತನ್ನ ಕಡೆಗೆ ತಿರುಗಿಸಿಕೊಂಡು ಹೇಳುತ್ತಿದ್ದಳು: ಎಡಕ್ಕೆ ಸೈಕಲ್, ಬಲಕ್ಕೆ ಲಾರಿ ಹತ್ತಿರ ಬರ್ತಿದೆ, ಎಡಕ್ಕೆ ಏನಿಲ್ಲ, ಬಲಕ್ಕೆ ಏನಿಲ್ಲ. ಅವನಿಗೆ ಈ ‘ಏನಿಲ್ಲ’ಗಳು ಕಿರಿಕಿರಿಯಾದವು.

"ರೇಡಿಯೋ ಪಕ್ಕದಲ್ಲಿ ಕೂತ ಹಾಗಾಗ್ತಿದೆ. ಇದ್ರೆ ಮಾತ್ರ ಹೇಳು. ಇಲ್ಲದ್ದನ್ನೆಲ್ಲ ಹೇಳೋಕೆ ಕೂತ್ರೆ ಲೋಕದಲ್ಲಿ ಇಲ್ಲದ್ದೇ ಜಾಸ್ತಿ."

ಅವಳು ಒಪ್ಪಿದಳು. ಅಂದಿನಿಂದ ಅವಳು ಸುಮ್ಮನಿದ್ದರೆ ದಾರಿ ಖಾಲಿ ಎಂದು ಅರ್ಥ. ಎರಡು ವರ್ಷ ಈ ನಿಯಮ ಒಮ್ಮೆಯೂ ಕೈಕೊಡಲಿಲ್ಲ. ಕೈಕೊಡದ ನಿಯಮದ ಬಗ್ಗೆ ಯಾರೂ ಮತ್ತೆ ಯೋಚಿಸುವುದಿಲ್ಲ.

ಇದು ನನಗೆ ಗೊತ್ತಿತ್ತೇ ಎಂದು ಆಮೇಲೆ ಕೆಲವರು ಕೇಳಿದರು. ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ನಾನೇ ದೂರು ಕೊಡುತ್ತಿದ್ದೆ. ಅದಕ್ಕೇ ಅವರು ನನಗೆ ಹೇಳಿರಲಿಲ್ಲ.

ಐದನೆಯ ವರ್ಷ ಉಸಿರಮ್ಮನ ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಒಂದು ಸಣ್ಣ ಊರಿನಲ್ಲಾಯಿತು. ಉಳಿದದ್ದಕ್ಕೆ ಮೂರು ವಾರಕ್ಕೊಂದರಂತೆ ಆರು ಸಲ ಡ್ರಿಪ್‌ನಲ್ಲಿ ಔಷಧಿ ಕೊಡಬೇಕು, ಅದು ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಆಗುತ್ತದೆ ಎಂದರು. ಆ ಆಸ್ಪತ್ರೆ ಇದ್ದದ್ದು ಸಮುದ್ರದ ದಂಡೆಯ ಒಂದು ದೊಡ್ಡ ನಗರದಲ್ಲಿ, ಅದರ ಅತಿ ಎತ್ತರದ ಗುಡ್ಡದ ಮೇಲೆ. ಡ್ರೈವರ್ ಆವರೆಗೆ ದೊಡ್ಡ ನಗರಗಳನ್ನು ಹೊರಗಿನಿಂದಲೇ ಸುತ್ತು ಹಾಕಿ ಬಿಟ್ಟುಬಿಡುತ್ತಿದ್ದ. ಈ ಸಲ ಬಿಡುವಂತಿರಲಿಲ್ಲ.

ಬೆಳಗಿನ ಜಾವ ರಸ್ತೆಗಳು ಖಾಲಿ ಇರುವಾಗ ಅವರು ನಗರದೊಳಗೆ ಇಳಿದರು. ಹೆದ್ದಾರಿಯ ಕೊನೆಯ ತಿರುವಿನಲ್ಲಿ ಇಡೀ ಊರು ಒಮ್ಮೆಲೇ ಕಂಡಿತು. ಏಳೆಂಟು ಗುಡ್ಡಗಳು ನೀರಿನ ತನಕ ಇಳಿದಿದ್ದವು. ಗುಡ್ಡಗಳ ಮೇಲೆ ಮನೆಗಳು ಒಂದರ ತಲೆಯ ಮೇಲೊಂದು ಕಾಲಿಟ್ಟ ಹಾಗೆ ನಿಂತಿದ್ದವು. ಕೆಳಗೆ ಬಂದರಿನ ಕ್ರೇನುಗಳು. ಡ್ರೈವರ್ ಎಲ್ಲ ಇಳಿಜಾರುಗಳನ್ನೂ ಸೆಕೆಂಡ್ ಗೇರಿನಲ್ಲಿ ಇಳಿಸಿದ. ಸೀಸದ ಗೋಡೆಗಳ ಭಾರ ಹಿಂದಿನಿಂದ ದಬ್ಬುತ್ತಿತ್ತು. ಉಸಿರಮ್ಮನ ಬಾಯಿಗೆ ಬಿಡುವಿರಲಿಲ್ಲ. ಎಡಕ್ಕೆ ಬಸ್ಸು, ಎಡಕ್ಕೆ ಇನ್ನೊಂದು ಬಸ್ಸು, ಬಲಕ್ಕೆ ಹೆಂಗಸು, ಎಡಕ್ಕೆ ಮೆಟ್ಟಿಲು, ಮೆಟ್ಟಿಲ ಮೇಲೆ ನಾಯಿ, ಬಲಕ್ಕೆ ಗೋಡೆ, ಗೋಡೆ, ಗೋಡೆ ರೀ.

"ಗೋಡೆ ಒಂದು ಸಲ ಹೇಳಿದ್ರೆ ಸಾಕು" ಎಂದ ಅವನು.

"ಅದು ಹತ್ತಿರ ಬರ್ತಿದ್ರೆ ಮೂರು ಸಲ ಹೇಳ್ತೀನಿ" ಎಂದಳು ಅವಳು.

ಮೀನು ಬಂದರಿನ ಹಿಂದೆ ಒಂದು ಬಯಲು ಇತ್ತು. ಲಾರಿಗಳು, ಸರ್ಕಸ್ಸಿನವರ ಹಳೆಯ ಟ್ರೇಲರುಗಳು ಅಲ್ಲಿ ನಿಲ್ಲುತ್ತಿದ್ದವು. ಕಾವಲುಗಾರ ಇವರಿಗೂ ಜಾಗ ಕೊಟ್ಟ. ಅಲ್ಲಿಂದ ಆಸ್ಪತ್ರೆಗೆ ಗಾಡಿಯಲ್ಲಿ ಇಪ್ಪತ್ತು ನಿಮಿಷ. ನಡೆದು ಹೋಗುವುದಾದರೆ ನಾನೂರ ಹದಿನಾರು ಮೆಟ್ಟಿಲು. ಉಸಿರಮ್ಮನೇ ಎಣಿಸಿದ್ದು, ಮೊದಲ ವಾರ, ಕಾಲಿನಲ್ಲಿ ಇನ್ನೂ ಬಲ ಇದ್ದಾಗ. ಊರು ನೋಡಬೇಕೆಂದು ಅವಳೇ ಹಟ ಹಿಡಿದಿದ್ದಳು. ದೀಪಸ್ತಂಭದ ಗುಡ್ಡ ಹತ್ತಿದರು. ಹಡಗುಗಳನ್ನು ನೋಡಿದರು. ಡ್ರೈವರ್‌ಗೆ ಹಡಗು ಕಂಡರೆ ಸಮುದ್ರ ಕಾಣುತ್ತಿರಲಿಲ್ಲ, ಸಮುದ್ರ ನೋಡಿದರೆ ಹಡಗು ತಪ್ಪಿಹೋಗುತ್ತಿತ್ತು. ಅವಳು ಅವನ ಗದ್ದ ಹಿಡಿದು ಸರಿಯಾದ ಕಡೆಗೆ ತಿರುಗಿಸುತ್ತಿದ್ದಳು. ನೋಡುವವರಿಗೆ ಅದು ಮುದುಕರ ಸರಸದಂತೆ ಕಾಣುತ್ತಿತ್ತಂತೆ.

ಆ ಊರಿನಲ್ಲಿ ಗುಡ್ಡದ ಮನೆಗಳಿಗೆ ಕುಡಿಯುವ ನೀರನ್ನು ದೊಡ್ಡ ಕ್ಯಾನುಗಳಲ್ಲಿ ಹೊತ್ತು ಹಾಕುವವರಿದ್ದರು. ಡಿಪೋದಿಂದ ತುಂಬಿದ ಕ್ಯಾನು ಹೊತ್ತು ಮೇಲೆ ಹತ್ತುವುದು, ಖಾಲಿ ಕ್ಯಾನುಗಳ ಕಿವಿಗೆ ಹಗ್ಗ ಪೋಣಿಸಿ ಗೊಂಚಲು ಮಾಡಿ ಭುಜಕ್ಕೆ ಹಾಕಿಕೊಂಡು ಇಳಿಯುವುದು. ಬಯಲಿನ ಕಡೆಗೆ ಬರುತ್ತಿದ್ದ ನೀರಿನವನಿಗೆ ನಲವತ್ತರ ಹತ್ತಿರ ವಯಸ್ಸು. ಮನೆಯವನಂತೆ ಮಾತಾಡುತ್ತಿದ್ದ.

"ಇಡೀ ಊರಲ್ಲಿ ಮೆಟ್ಟಿಲಿಲ್ಲದ ಮನೆ ಅಂದ್ರೆ ನಿಮ್ದೊಂದೇ ಅಮ್ಮ. ದೇವರಾಣೆ, ಬಾಯಾರಿಕೆ ಆಗದಿದ್ರೂ ಕುಡೀರಿ. ದಿನಾ ಬರ್ತೀನಿ."

"ದಿನಾ ಬಂದ್ರೆ ಕಾಲು ಮೆತ್ತಗಾಗಿ ಬಿಡುತ್ತಪ್ಪ ನಿಂಗೆ" ಎಂದಿದ್ದಳು ಉಸಿರಮ್ಮ.

ಅವನು ಮದುವೆಯಾಗಿರಲಿಲ್ಲ. ಗಂಡ ಸತ್ತ ಅಕ್ಕನ ಜೊತೆ ಮೇಲಿನ ಓಣಿಯಲ್ಲಿ ಇದ್ದ. ಅಕ್ಕ ಹೊಲಿಗೆ ಮಾಡುತ್ತಿದ್ದಳು.

ಮೊದಲ ಡ್ರಿಪ್ ಆದ ದಿನ ಗಾಡಿ ಗುಡ್ಡ ಇಳಿಯುವಷ್ಟೂ ಹೊತ್ತು ಉಸಿರಮ್ಮ ಮಡಿಲಲ್ಲಿ ಬಕೆಟ್ಟು ಇಟ್ಟುಕೊಂಡು ವಾಂತಿ ಮಾಡಿದಳು. ವಾಂತಿಯ ನಡುವೆ ತಲೆಯೆತ್ತಿ ಎಡ ಬಲ ಹೇಳಿದಳು. ಎರಡನೆಯ ಸಲವೂ ಹಾಗೆಯೇ. ಇಷ್ಟೆಲ್ಲ ಸಂಕಟಪಡುವ ಬದಲು ಬಸ್ಸಿನಲ್ಲಿ ಹೋಗಬಹುದಿತ್ತಲ್ಲ ಎಂದರೆ, ಆ ಸ್ಥಿತಿಯಲ್ಲಿ ಅವಳು ಬಸ್ಸಿನಲ್ಲಿ ನಿಲ್ಲುವಂತಿರಲಿಲ್ಲ. ಮನೆಯೇ ಬಾಗಿಲಿಗೆ ಬಂದು ನಿಂತರೆ ಹಾಸಿಗೆ ನಾಲ್ಕು ಹೆಜ್ಜೆ. ಡ್ರೈವರ್‌ನ ಲೆಕ್ಕ ಇಷ್ಟೇ ಇತ್ತು: ಆರು ಡ್ರಿಪ್, ಆರು ಸಲ ಹತ್ತುವುದು, ಆರು ಸಲ ಇಳಿಯುವುದು. ಆಮೇಲೆ ಗಾಡಿಯನ್ನು ಎಲ್ಲಾದರೂ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಬೀಗದ ಕೈಯನ್ನು ನೀರಿಗೆಸೆಯುವುದು. ಅವನಿಗೆ ಕಣ್ಣು ಕಾಣುವುದಿಲ್ಲ ಎಂದು ಅಷ್ಟರೊಳಗೆ ಯಾರಿಗಾದರೂ ತಿಳಿದರೆ ಗಾಡಿ ಹೋಗುತ್ತದೆ. ಗಾಡಿ ಹೋದರೆ ಮನೆ, ಹಾಸಿಗೆ, ಔಷಧಿಯ ದಾರಿ ಎಲ್ಲ ಒಟ್ಟಿಗೇ ಹೋಗುತ್ತದೆ. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಿಕೊಂಡಿದ್ದರು.

ಮೂರನೆಯ ಸಲ ನರ್ಸ್ ಅವಳ ಸ್ಥಿತಿ ನೋಡಲಾರದೆ ವಾಂತಿ ನಿಲ್ಲಲು ಹೆಚ್ಚಿಗೆ ಒಂದು ಚುಚ್ಚುಮದ್ದು ಕೊಟ್ಟಳು. ನಿದ್ದೆ ಎಳೆಯುತ್ತದೆ, ಎರಡು ಗಂಟೆ ಇಲ್ಲೇ ಮಲಗಿ ಎಂದಳು. ಆ ಹೊತ್ತಿಗೆ ಡ್ರೈವರ್ ಹೊರಗೆ ಗೇಟಿನವನ ಹತ್ತಿರ ಬೈಸಿಕೊಳ್ಳುತ್ತಿದ್ದ. ಆಂಬುಲೆನ್ಸ್ ಬರುವ ಜಾಗದಲ್ಲಿ ಮನೆ ಕಟ್ಟಿಕೊಂಡು ಕೂತಿದ್ದೀಯಾ, ಈಗಲೇ ತೆಗಿ ಎಂದು ಗೇಟಿನವನು ಗಾಡಿಯ ಮೈಗೆ ಕೋಲಿನಿಂದ ಬಡಿದ. ಡ್ರೈವರ್ ಒಳಗೆ ಹೋಗಿ ಹೆಂಡತಿಯನ್ನು ಎಬ್ಬಿಸಿಕೊಂಡು ಬಂದ. ನರ್ಸ್ ಹೇಳಿದ್ದನ್ನು ಅವಳು ಅವನಿಗೆ ಹೇಳಲಿಲ್ಲ. ಇಪ್ಪತ್ತು ನಿಮಿಷ ತಾನೆ, ಕಣ್ಣು ಬಿಟ್ಟುಕೊಂಡಿರಬಲ್ಲೆ ಎಂದುಕೊಂಡಳು. ಹೇಳಿದ್ದರೆ ಅವನು ಗೇಟಿನವನ ಕಾಲು ಹಿಡಿದಾದರೂ ನಿಲ್ಲುತ್ತಿದ್ದ, ಅಷ್ಟು ವಿವೇಕ ಅವನಿಗಿತ್ತು.

ಹೊರಡುವಾಗ ಅವನು ಕೇಳಿದ: "ನೋಡ್ತಿದ್ದೀಯಲ್ಲ?"

"ಹೂಂ, ಹೊರಡಿ."

ಮೊದಲ ಎರಡು ತಿರುವಿನಲ್ಲಿ ಅವಳು ಹೇಳಿದಳು. ಎಡಕ್ಕೆ ಬೈಕು. ಬಲಕ್ಕೆ ಬಸ್ಸು ನಿಂತಿದೆ. ಮೂರನೆಯ ತಿರುವಿನ ನಂತರ ರಸ್ತೆ ಉದ್ದಕ್ಕೆ ನೇರವಾಗಿ ಇಳಿಯುತ್ತದೆ. ಮಧ್ಯಾಹ್ನ ಎರಡೂವರೆ. ಮುಂದೆ ಅವನ ಕೊಳವೆಯೊಳಗೆ ರಸ್ತೆ, ಅದರಾಚೆ ಒಂದು ತುಂಡು ಸಮುದ್ರ. ಪಕ್ಕದಿಂದ ಮಾತಿಲ್ಲ. ದಾರಿ ಖಾಲಿ ಇದೆ ಎಂದುಕೊಂಡು ಡ್ರೈವರ್ ಬ್ರೇಕಿನಿಂದ ಕಾಲು ಸ್ವಲ್ಪ ಸಡಿಲಿಸಿದ. ಆ ಊರಿಗೆ ಬಂದ ಮೇಲೆ ಅಷ್ಟು ಹೊತ್ತು ಖಾಲಿ ದಾರಿ ಸಿಕ್ಕಿದ್ದು ಅದೇ ಮೊದಲು, ಅದೃಷ್ಟ ಎಂದುಕೊಂಡೆ ಎಂದು ನನ್ನ ಮುಂದೆ ಹೇಳಿದ್ದಾನೆ.

ಎಡಗಡೆ ಎರಡು ಮನೆಗಳ ಸಂದಿಯಿಂದ ಮೆಟ್ಟಿಲುಗಳು ನೇರ ರಸ್ತೆಗೇ ಇಳಿಯುತ್ತವೆ. ಬಲ ಭುಜದ ಮೇಲೆ ಆರು ಖಾಲಿ ಕ್ಯಾನುಗಳ ಗೊಂಚಲು ಹಾಕಿಕೊಂಡು ನೀರಿನವನು ಕೊನೆಯ ಮೆಟ್ಟಿಲಿನಿಂದ ರಸ್ತೆಗೆ ಕಾಲಿಟ್ಟ. ಕ್ಯಾನುಗಳು ಸಿಡಿದು ಇಳಿಜಾರಿನಲ್ಲಿ ಉರುಳಿದವು. ಡ್ರೈವರ್‌ಗೆ ಮೊದಲು ಕಂಡದ್ದು ಮುಂದೆ ಉರುಳಿಹೋಗುತ್ತಿದ್ದ ಒಂದು ಕ್ಯಾನು. ಅದಕ್ಕಾಗಿ ಬ್ರೇಕು ಒತ್ತಿದ. ಗಾಡಿ ನಿಂತ ರಭಸಕ್ಕೆ ಉಸಿರಮ್ಮನ ಹಣೆ ಗಾಜಿಗೆ ಬಡಿದು ಅವಳಿಗೆ ಎಚ್ಚರವಾಯಿತು.

"ಎಡಕ್ಕೆ..." ಎಂದಳು.

ನೀರಿನವನು ಸಾಯಲಿಲ್ಲ. ಹಿಂದಿನ ಗಾಲಿ ಅವನ ತೊಡೆಯ ಮೇಲಿಂದ ಹೋಗಿತ್ತು. ಜನ ಸೇರಿ ಅವನನ್ನು ಅದೇ ಗುಡ್ಡದ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಇನ್‌ಸ್ಪೆಕ್ಟರ್ ಬಂದ. ನಡುವಯಸ್ಸಿನ, ಹೆಚ್ಚು ಮಾತಾಡದ ಮನುಷ್ಯ. ಗಾಡಿಯ ಬ್ರೇಕು ನೋಡಿಸಿದ, ಸರಿಯಿತ್ತು. ಕುಡಿದಿದ್ದಾನೆಯೇ ಎಂದು ನೋಡಿಸಿದ, ಇರಲಿಲ್ಲ. ಎದುರಿನ ಅಂಗಡಿಯ ಬೋರ್ಡು ಓದು ಎಂದ. ಡ್ರೈವರ್ ದೊಡ್ಡ ಅಕ್ಷರವನ್ನೂ ಓದಿದ, ಅದರ ಕೆಳಗಿನ ಫೋನ್ ನಂಬರನ್ನೂ ಓದಿದ. ಈ ವಯಸ್ಸಿಗೆ ಕಣ್ಣು ಚೆನ್ನಾಗಿದೆ ಎಂದ ಇನ್‌ಸ್ಪೆಕ್ಟರ್. ಉಸಿರಮ್ಮ ಹಣೆಗೆ ಬಟ್ಟೆ ಒತ್ತಿಕೊಂಡು ಗಾಡಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕಾಯಿಲೆಯ ಹೆಂಗಸು ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಮರುದಿನ ಎಚ್ಚರವಾದಾಗ ನೀರಿನವನು ತಾನಾಗಿಯೇ ತಪ್ಪೊಪ್ಪಿಕೊಂಡ. ಬಲ ಭುಜದ ಮೇಲೆ ಗೊಂಚಲು ಇದ್ದರೆ ಆ ಕಡೆಯದು ಕಾಣುವುದಿಲ್ಲ. ಅದಕ್ಕೇ ಅವರ ಕಸುಬಿನಲ್ಲಿ ಒಂದು ಪದ್ಧತಿ ಇತ್ತು: ಕೊನೆಯ ಮೆಟ್ಟಿಲಲ್ಲಿ ನಿಂತು, ಮೈಯನ್ನೇ ಪೂರಾ ತಿರುಗಿಸಿ ನೋಡಿ, ಆಮೇಲೆ ಇಳಿಯುವುದು. ತಾನು ನಿಂತಿದ್ದೆನೋ ಇಲ್ಲವೋ ಅವನಿಗೆ ನೆನಪಿರಲಿಲ್ಲ. ಪೆಟ್ಟು ತಿಂದವನು ತಾನು, ಆದ್ದರಿಂದ ನಿಂತಿರಲಿಕ್ಕಿಲ್ಲ ಎಂದು ತೀರ್ಮಾನ ಮಾಡಿಕೊಂಡ. ಡಿಪೋದವರೂ ಹಾಗೆಯೇ ಎಂದರು. ನಿಂತು ನೋಡದವನನ್ನು ಡಿಪೋ ಇಟ್ಟುಕೊಳ್ಳುತ್ತಿರಲಿಲ್ಲ. ವಾಸಿಯಾಗಿ ಬಂದರೂ ಸೇರಿಸುವುದಿಲ್ಲ ಎಂದು ಹೇಳಿ ಕಳಿಸಿದರು. ಇನ್‌ಸ್ಪೆಕ್ಟರ್ ಪಾದಚಾರಿಯದೇ ಅಜಾಗರೂಕತೆ ಎಂದು ಹೇಳಿಕೆ ಬರೆಸಿ, ಗುರುವಾರ ಬಂದು ಸಹಿ ಹಾಕಿಸಿಕೊಂಡು ಕೇಸು ಮುಗಿಸುತ್ತೇನೆ ಎಂದ. ಅಂದು ಸೋಮವಾರ.

ಸೋಮವಾರ ಸಂಜೆ ಡ್ರೈವರ್ ಈ ಸುದ್ದಿಯನ್ನು ಗಾಡಿಗೆ ತಂದ.

"ಅವನೇ ನೋಡ್ಲಿಲ್ವಂತೆ. ಅವನ ಬಾಯಿಂದಾನೇ ಹೇಳಿದಾನೆ."

ಉಸಿರಮ್ಮ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ನಾನು ಮಲಗ್ಬಿಟ್ಟಿದ್ದೆ" ಎಂದಳು.

"ಗೊತ್ತು."

"ಚುಚ್ಚುಮದ್ದು ಕೊಟ್ಟು ಮಲ್ಕೋ ಅಂದಿದ್ರು. ನಿಮ್ಗೆ ಹೇಳಲಿಲ್ಲ."

ಇದು ಅವನಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಯಾರಿಗೂ ಹೇಳಬೇಡ ಎಂದ. ಇನ್ನೂ ಮೂರು ಡ್ರಿಪ್ ಇದೆ, ಗಾಡಿ ಹೋದರೆ ನೀನು ಎಲ್ಲಿ ಮಲಗುತ್ತೀ, ಫುಟ್‌ಪಾತಿನಲ್ಲೇ ಎಂದು ಕೇಳಿದ. ನಾವು ಹೇಳಿದರೆ ಅವನ ಕಾಲು ಬರುತ್ತದೆಯೇ ಎಂದೂ ಕೇಳಿದ. ಇವೆಲ್ಲ ಸುಳ್ಳು ಮಾತಲ್ಲ. ಅವನು ಕೆಟ್ಟವನೂ ಅಲ್ಲ. ಹೆಂಡತಿಯನ್ನು ಉಳಿಸಿಕೊಳ್ಳುವುದೊಂದೇ ಅವನ ಕೊಳವೆಯೊಳಗೆ ಕಾಣುತ್ತಿತ್ತು.

ಮಂಗಳವಾರ ಅವನು ನೀರಿನವನನ್ನು ನೋಡಲು ಹೋಗಿ ಹಣ್ಣು ಕೊಟ್ಟು ಬಂದ. ಹೇಳಿದಿರಾ ಎಂದು ಅವಳು ಕೇಳಿದಳು. ಜ್ವರ ಇತ್ತು ಅವನಿಗೆ, ಹೇಗೆ ಹೇಳೋದು ಎಂದ. ಬುಧವಾರ ಹೋಗಲಿಲ್ಲ. ಉಸಿರಮ್ಮ ಆ ಎರಡು ದಿನ ಊಟ ಮಾಡಿದಳು, ಮಾತ್ರೆ ನುಂಗಿದಳು, ಅವನ ಕಣ್ಣಿಗೆ ಹೊತ್ತು ಹೊತ್ತಿಗೆ ಹನಿ ಹಾಕಿದಳು.

ಗುರುವಾರ ಬೆಳಿಗ್ಗೆ ತಾನೂ ಬರುತ್ತೇನೆ ಎಂದಳು. ಗಾಡಿ ಬೇಡ ಎಂದಳು. ನಾನೂರ ಹದಿನಾರು ಮೆಟ್ಟಿಲನ್ನು ಅವರು ಒಂದೂವರೆ ಗಂಟೆಯಲ್ಲಿ ಹತ್ತಿದರು. ಹತ್ತು ಮೆಟ್ಟಿಲಿಗೊಮ್ಮೆ ಕುಳಿತುಕೊಂಡಳು. ಡ್ರೈವರ್ ಎರಡು ಸಲ ಹಿಂದಕ್ಕೆ ಹೋಗೋಣವೆಂದ.

ವಾರ್ಡಿನಲ್ಲಿ ನೀರಿನವನ ಕಾಲನ್ನು ತೂಕ ಕಟ್ಟಿ ಎಳೆದಿಟ್ಟಿದ್ದರು. ಅಕ್ಕ ತಲೆದೆಸೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು. ಇನ್‌ಸ್ಪೆಕ್ಟರ್ ಆಗಲೇ ಬಂದಿದ್ದ. ಹಾಸಿಗೆಯ ಪಕ್ಕದ ಕಿಟಕಿಗೆ ಯಾರೋ ಎಕ್ಸ್‌ರೇ ಫಿಲಂ ಒರಗಿಸಿಟ್ಟಿದ್ದರು. ಇಪ್ಪತ್ತು ವರ್ಷ ಫಿಲಂ ತೊಳೆದು ಒಣಗಿಸಿದ ಉಸಿರಮ್ಮನಿಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ನಾಲ್ಕು ಚೂರಾಗಿತ್ತು. ಕೂಡಿಕೊಂಡರೂ ಆ ಕಾಲು ಭಾರ ಹೊತ್ತು ಮೆಟ್ಟಿಲು ಹತ್ತುವುದಿಲ್ಲ.

ನೀರಿನವನು ಇವರನ್ನು ಕಂಡು ಏಳುವವನಂತೆ ಮಾಡಿದ. "ನಿಮ್ಗೂ ತೊಂದ್ರೆ ಕೊಟ್ನಲ್ಲ ಅಮ್ಮ. ಮೊದ್ಲೇ ಹುಷಾರಿಲ್ಲ ನಿಮ್ಗೆ."

ಇನ್‌ಸ್ಪೆಕ್ಟರ್ ಹೇಳಿಕೆಯನ್ನು ಓದಿ, ಕಾಗದದ ಕೆಳಗೆ ರಟ್ಟು ಇಟ್ಟು, ಪೆನ್ನನ್ನು ಅವನ ಕೈಗೆ ಕೊಟ್ಟ. ಡ್ರೈವರ್ ಕಿಟಕಿಯ ಕಡೆ ನೋಡುತ್ತ ನಿಂತಿದ್ದ.

"ಸಹಿ ಹಾಕ್ಬೇಡಪ್ಪ" ಎಂದಳು ಉಸಿರಮ್ಮ.

ಡ್ರೈವರ್ ಅವಳ ತೋಳು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಹಾಗೆಯೇ ಇನ್‌ಸ್ಪೆಕ್ಟರ್ ಕಡೆಗೆ ತಿರುಗಿದಳು. "ಇವ್ರಿಗೆ ಪಕ್ಕದ್ದು ಕಾಣಲ್ಲ ಸಾರ್. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಪಕ್ಕದ್ದನ್ನ ನಾನು ಹೇಳ್ತಿದ್ದೆ. ಅವತ್ತು ನಾನು ಮಲಗ್ಬಿಟ್ಟೆ."

ಇನ್‌ಸ್ಪೆಕ್ಟರ್‌ಗೆ ಪೂರ್ತಿ ಅರ್ಥವಾಗಲಿಲ್ಲ. ಬೋರ್ಡು ಓದಿದರಲ್ಲ ಎಂದ.

"ಬೋರ್ಡು ಮುಂದೆ ಇತ್ತು. ನೀವು ಅವ್ರ ಪಕ್ಕಕ್ಕೆ ಬಂದು ನಿಂತ್ಕೊಳ್ಳಿ." ಆಮೇಲೆ ಗಂಡನಿಗೆ, ಹಿಂದೆ ಸಾವಿರಾರು ಜನರಿಗೆ ಹೇಳುತ್ತಿದ್ದ ದನಿಯಲ್ಲೇ ಹೇಳಿದಳು: "ರೀ, ನೇರ ನೋಡಿ. ಅಲುಗಾಡ್ಬೇಡಿ."

ಇನ್‌ಸ್ಪೆಕ್ಟರ್ ಡ್ರೈವರ್‌ನ ಎಡಕ್ಕೆ ಬಂದು ಕೈಯೆತ್ತಿದ. ಎಷ್ಟು ಬೆರಳು ಎಂದು ಕೇಳಿದ. ಮೂರು ಎಂದು ಊಹಿಸಿ ಹೇಳಬಹುದಿತ್ತು. ತಲೆಯನ್ನು ತುಸು ಹೊರಳಿಸಬಹುದಿತ್ತು. ಎಲ್ಲರೂ ಅವನ ಮುಖ ನೋಡುತ್ತಿದ್ದರು. ನೀರಿನವನು ಪೆನ್ನು ಹಿಡಿದೇ ಇದ್ದ.

"ಕಾಣಲ್ಲ ಸಾರ್" ಎಂದ ಡ್ರೈವರ್. "ಎರಡು ವರ್ಷದ ಮೇಲಾಯ್ತು."

ಕ್ಷಮೆ ಕೇಳುವುದಾಗಲಿ ಕೊಡುವುದಾಗಲಿ ಅಲ್ಲಿ ನಡೆಯಲಿಲ್ಲ. ನೀರಿನವನು ಇನ್‌ಸ್ಪೆಕ್ಟರ್‌ನನ್ನು, ಹಾಗಾದರೆ ನನ್ನದು ತಪ್ಪಿಲ್ಲವೇ ಎಂದು ಎರಡು ಸಲ ಕೇಳಿದ. ಅವನ ಅಕ್ಕ ಎದ್ದು ಉಸಿರಮ್ಮನ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡ ಡ್ರೈವರ್.

"ಮೂರು ದಿನದಿಂದ ನನ್ನ ತಮ್ಮನ್ನ ನಾನೇ ಬೈತಿದ್ದೀನಲ್ಲಮ್ಮ" ಎಂದಳು ಅಕ್ಕ. "ಕಣ್ಣು ಎಲ್ಲಿಟ್ಟಿದ್ಯೋ, ನಿನ್ನ ಕೊಬ್ಬಿಗೆ ಆಗಿದ್ದು ಅಂತ. ಬಿದ್ದೋನನ್ನ ಬೈದೆ. ಮೊನ್ನೆಯಿಂದ ನೀವೆಲ್ಲಿದ್ರಿ?"



ಇನ್‌ಸ್ಪೆಕ್ಟರ್ ಕಾಗದ ಹರಿದು ಹೊಸದು ಬರೆದ. ಡ್ರೈವರ್‌ನನ್ನು ಠಾಣೆಗೆ ಕರೆದುಕೊಂಡು ಹೋಗುವ ಮುಂಚೆ, ಕಾರಿಡಾರಿನಲ್ಲಿ ಹೆಂಡತಿಯ ಜೊತೆ ಐದು ನಿಮಿಷ ಮಾತಾಡಲು ಬಿಟ್ಟ. ಅಷ್ಟರ ಮಟ್ಟಿಗೆ ಒಳ್ಳೆಯವನು.

"ಯಾಕೆ ಹೇಳ್ದೆ?" ಎಂದ ಡ್ರೈವರ್.

"ನೀವು ಹೇಳ್ತೀರ ಅಂತ ಮೂರು ದಿನ ಕಾದೆ."

"ನಿನಗೋಸ್ಕರ ಅಲ್ವೇನೇ?"

"ಹೌದು. ಅದಕ್ಕೇ ನಾನು ಹೇಳ್ಬೇಕಾಯ್ತು. ನನ್ನ ಹೆಸರಲ್ಲಿ ಅವನ ಅನ್ನ ಕಿತ್ಕೊಂಡ್ರೆ ನಂಗೆ ಔಷಧಿ ಹತ್ತುತ್ತಾ?"

ಗಾಡಿಯನ್ನು ಮಧ್ಯಾಹ್ನವೇ ಎಳೆದುಕೊಂಡು ಹೋಗಿ ಠಾಣೆಯ ಹಿಂದೆ ನಿಲ್ಲಿಸಿದರು. ಅದರೊಳಗಿನ ಪಾತ್ರೆ, ಹಾಸಿಗೆ, ಬಟ್ಟೆ ಎಲ್ಲ ಒಳಗೇ ಉಳಿದವು. ಒಂದು ವಾರ ಬಿಟ್ಟು ಕೇಳಿದ್ದಕ್ಕೆ ಎರಡು ಚೀಲ ಬಟ್ಟೆ ಕೊಟ್ಟರು. ಉಸಿರಮ್ಮನ ಪಾಡು ಕೇಳಿ, ಅದೇ ನರ್ಸ್ ಓಡಾಡಿ ಅವಳಿಗೆ ಹೆಂಗಸರ ವಾರ್ಡಿನ ಕೊನೆಯಲ್ಲಿ, ಶೌಚಾಲಯದ ಬಾಗಿಲಿನ ಪಕ್ಕ, ಒಂದು ಹಾಸಿಗೆ ಕೊಡಿಸಿದಳು. ನಾನು ಸುದ್ದಿ ತಿಳಿದು ಹೋದಾಗ ಅವಳು ಅಲ್ಲಿದ್ದಳು. ಮನೆಗೆ ಬಾ ಎಂದೆ. ಔಷಧಿ ಇಲ್ಲಿದೆ, ನಿನ್ನ ಮನೆಯಲ್ಲಿ ಬರೀ ಪುಸ್ತಕ ಇದೆ ಎಂದಳು. ನಾಲ್ಕನೆಯ ಡ್ರಿಪ್ ಆಯಿತು. ಐದನೆಯದಕ್ಕೆ ರಕ್ತ ಸಾಲದು ಎಂದು ಮುಂದೂಡಿದರು. ಡ್ರೈವರ್ ಜಾಮೀನಿನ ಮೇಲೆ ಹೊರಗೆ ಬಂದವನು ರೋಗಿಗಳ ಕಡೆಯವರು ಮಲಗುವ ಷೆಡ್ಡಿನಲ್ಲಿ ಮಲಗಿ, ದಿನವೂ ಗೋಡೆ ಹಿಡಿದುಕೊಂಡು ವಾರ್ಡಿಗೆ ಬಂದು ಅವಳ ಹಾಸಿಗೆಯ ಪಕ್ಕ ಕೂರುತ್ತಿದ್ದ. ಐದನೆಯದು ಆಗಲೇ ಇಲ್ಲ. ಗಾಡಿ ಹೋದ ಎಪ್ಪತ್ತೊಂದನೆಯ ದಿನ ಅವಳು ತೀರಿಕೊಂಡಳು. ಗಾಡಿ ಇದ್ದಿದ್ದರೆ ಬದುಕುತ್ತಿದ್ದಳೇ ಎಂದು ವೈದ್ಯರನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು.

ಆಮೇಲೆ ಕೋರ್ಟಿನಲ್ಲಿ ಡ್ರೈವರ್ ತಪ್ಪೊಪ್ಪಿಕೊಂಡ. ಎಂಟು ತಿಂಗಳ ಶಿಕ್ಷೆಯಾಯಿತು. ಡಿಪೋದವರು ನೀರಿನವನನ್ನು ಮತ್ತೆ ಸೇರಿಸಿಕೊಂಡರು. ಈಗ ಅವನು ಕ್ಯಾನು ಹೊರುವುದಿಲ್ಲ, ಊರುಗೋಲು ಒರಗಿಸಿ ಕೂತು ಕ್ಯಾನು ತುಂಬಿಸುತ್ತಾನೆ. ಮೆಟ್ಟಿಲು ಹತ್ತಲಾರದ್ದರಿಂದ ಅಕ್ಕ ತಮ್ಮ ಮೇಲಿನ ಓಣಿ ಬಿಟ್ಟು ಕೆಳಗೆ ಬಂದಿದ್ದಾರೆ. ಡ್ರೈವರ್ ಶಿಕ್ಷೆ ಮುಗಿಸಿ ಅವರ ಮನೆಯ ಬಾಗಿಲಿಗೆ ಒಮ್ಮೆ ಹೋದ. ಅಕ್ಕ ಬಾಗಿಲು ತೆರೆದು, ನೋಡಿ, ಮುಚ್ಚಿದಳು.

ಅವನು ಈಗ ನನ್ನ ಮನೆಯ ಹಿಂದಿನ ಕೋಣೆಯಲ್ಲಿದ್ದಾನೆ. ಉಳಿದಿದ್ದ ದೃಷ್ಟಿಯೂ ಹೆಚ್ಚುಕಡಿಮೆ ಹೋಗಿದೆ. ಹೆಂಡತಿ ಮಾಡಿದ್ದು ಸರಿ ಎಂದು ಅವನು ಇವತ್ತಿಗೂ ಒಪ್ಪಿಲ್ಲ. ಒಪ್ಪು ಎಂದು ನಾನೂ ಒತ್ತಾಯಿಸಿಲ್ಲ. ಕಳೆದ ವಾರ ತಾನಾಗಿಯೇ ಮಾತು ತೆಗೆದ.

"ಇನ್ನು ಮೂರೇ ಮೂರು ಡ್ರಿಪ್ ಇತ್ತಕ್ಕ. ಅಷ್ಟು ದಿನ ತಡೆದಿದ್ರೆ ಸಾಕಿತ್ತು. ಮುಗಿದ ಮಾರನೇ ದಿನ ನಾನೇ ಠಾಣೆಗೆ ಹೋಗಿ ಹೇಳ್ತಿದ್ದೆ."

"ಹೇಳ್ತಿದ್ಯಾ?" ಎಂದು ಕೇಳಿದೆ.

ಅವನು ತಟ್ಟನೆ ಹೌದೆನ್ನಲು ಬಾಯಿ ತೆರೆದ. ಆಮೇಲೆ ನಿಲ್ಲಿಸಿ ಯೋಚಿಸಿದ.

"ಗೊತ್ತಿಲ್ಲ ಅಕ್ಕ" ಎಂದ.